ಕಣಗಿಲೆ ಸಾಲು

ಸೂಳಗಿರಿ
14 ಆಗಸ್ಟ್ 2023

ಉಷಾ,

ಪ್ರಿಯ ಎಂದು ಬರೆಯಲೋ ಬೇಡವೋ ಎಂದು ಯೋಚಿಸಿ ಬಿಟ್ಟಿದ್ದೇನೆ. ಹನ್ನೊಂದು ವರ್ಷದ ಮೇಲೆ ಬರೆಯುತ್ತಿರುವುದು, ಏನು ಬೇಕೋ ನೀನೇ ಸೇರಿಸಿಕೋ. ಹಾಸ್ಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಮನೆಗೆ ಕಾಗದ ಬರೆಯಲು ಕೂರಿಸುತ್ತಿದ್ದರಲ್ಲ, ಆಗ ವಾರ್ಡನ್ ಅಮ್ಮ ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ನನ್ನದು ಕೋಳಿ ಕೆದರಿದ ಹಾಗಿದೆ ಎಂದು ಎಲ್ಲರೆದುರು ಎತ್ತಿ ತೋರಿಸುತ್ತಿದ್ದರು. ಕೋಳಿ ಇನ್ನೂ ಕೆದರುತ್ತಲೇ ಇದೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಗಂಟಲಿಗೆ ಕ್ಯಾನ್ಸರ್ ಬಂದು ಬೆಂಗಳೂರಿನಲ್ಲಿ ಆಪರೇಷನ್ ಮಾಡಿದರು. ದನಿ ಹೋಯಿತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತೇನೆ. ಜಗಳಗಂಟಿ ವನಿತಾಳ ಬಾಯಿ ಕಡೆಗೂ ಮುಚ್ಚಿತು ಎಂದು ನಿಮ್ಮ ಚರ್ಚ್ ಕಮಿಟಿಗೆ ಹೇಳು, ಸಂತೋಷಪಡಲಿ. ಅಣ್ಣನ ಮಗಳು ಹರ್ಷಿತಾ ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ, ಅವಳ ಮನೆಯಲ್ಲಿದ್ದೇನೆ. ಹುಡುಗಿ ಒಳ್ಳೆಯವಳು. ರೋಗ ಮತ್ತೆ ಬಂದಿದೆ ಎಂಬುದನ್ನು ಡಾಕ್ಟರು ಅವಳಿಗೆ ಸುತ್ತಿ ಬಳಸಿ ಹೇಳಿದರು. ನಾನು ನಿನಗೆ ನೇರವಾಗಿ ಹೇಳುತ್ತಿದ್ದೇನೆ, ಹೆಚ್ಚು ದಿನ ಇಲ್ಲ.

ಕೇಳುವುದು ಒಂದೇ. ನನ್ನನ್ನು ನಂದಿತಾಳ ಪಕ್ಕದಲ್ಲಿ ಹೂಳಬೇಕು. ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಅವಳ ಗುಂಡಿಯನ್ನೇ ತೆಗೆದು ಮೇಲೆ ಇಡಲಿ. ಹಳೆಯ ಗುಂಡಿಯಲ್ಲಿ ಮನೆಯವರನ್ನು ಇಡುವ ಪದ್ಧತಿ ನಮ್ಮ ಸಭೆಯಲ್ಲಿ ಇದ್ದೇ ಇದೆ. ಅವಳಿಗಾಗ ಇನ್ನೂ ಐದು ವರ್ಷ. ಮೆದುಳು ಜ್ವರದಲ್ಲಿ ಆಸ್ಪತ್ರೆಯ ಮಂಚದ ಮೇಲೆ "ಅಮ್ಮ, ಪಕ್ದಲ್ಲೇ ಮಲಕ್ಕೊ" ಅಂದಳು. ನರ್ಸ್ ಬಿಡಲಿಲ್ಲ. ಆಮೇಲೆ ಬರುತ್ತೇನೆ ಅಂದೆ. ಅದು ಅವಳು ಆಡಿದ ಕೊನೆಯ ಮಾತು ಎಂದು ನಿನಗೊಬ್ಬಳಿಗೇ ಗೊತ್ತು, ಅವಳ ಅಪ್ಪನಿಗೂ ಹೇಳಿರಲಿಲ್ಲ. ಅವನು ಲಾರಿ ಹತ್ತಿ ಹೋದವನು ವಾಪಸ್ಸೂ ಬರಲಿಲ್ಲ, ಬಿಡು.

ಕೈ ತಟ್ಟಿ ಹಾಡುವ ಬೇರೆ ಪಂಗಡದವರ ಜಪಮನೆಗೆ ಹೋಗುತ್ತೇನೆಂದು ನನ್ನ ಹೆಸರನ್ನು ಸಭೆಯಿಂದ ತೆಗೆದಿರಿ. ಆರಾಧನೆಯಲ್ಲಿ ನಿಂತು ಅದನ್ನು ಓದಿದವಳು ನೀನೇ. ಈ ಗೇಟು ಇನ್ನು ದಾಟುವುದಿಲ್ಲ ಎಂದು ಅವತ್ತು ಹೇಳಿ ಬಂದೆ, ದಾಟಿಲ್ಲ. ಸಭೆಯವರಲ್ಲದವರಿಗೆ ಅಲ್ಲಿ ಮಣ್ಣು ಸಿಗುವುದಿಲ್ಲ ಎಂದೂ ಗೊತ್ತು. ನೀನು ಕಾರ್ಯದರ್ಶಿ, ಪಾದ್ರಿ ಅಯ್ಯನವರನ್ನು ಕೇಳಿ ಒಪ್ಪಿಸು. ಹೆಣವಾಗಿ ದಾಟಿದರೆ ಮಾತು ತಪ್ಪಿದ ಹಾಗಾಗುವುದಿಲ್ಲ.

ಅವಳ ತಲೆಯ ಹತ್ತಿರ ನೆಟ್ಟ ಬಿಳಿ ಕಣಗಿಲೆ ಹೇಗಿದೆ? ನೀರು ಹಾಕುತ್ತೇನೆ ಎಂದು ನೀನು ಹೇಳಿದ್ದೆ. ಜಗಳದ ದಿನವೂ ನೀನು ಆ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅದಕ್ಕೇ ಬರೆದೆ.

ವನಿತಾ


ಆಲಸನತ್ತಂ, ಹೊಸೂರು
3 ಸೆಪ್ಟೆಂಬರ್ 2023

ಕರ್ತನಲ್ಲಿ ಪ್ರಿಯಳಾದ ವನಿತಾ,

ನಿನ್ನ ಕಾಗದ ಓದಿ ಅತ್ತೆ. ಮತ್ತೇನು ಬರೆಯಲಿ. ಕನ್ನಡ ಆರಾಧನೆಯಲ್ಲಿ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದೆ. ಹಳಬರಿಗೆಲ್ಲ ನೆನಪಿದೆ. ಆದಿಲಕ್ಷ್ಮಮ್ಮ ಗಂಜಿ ಕುಡಿಯುತ್ತಾಳಾ ಎಂದು ಕೇಳಿದರು.

ಮುಂದಿನ ಈಸ್ಟರಿಗೆ ದೇವಾಲಯಕ್ಕೆ ನೂರು ವರ್ಷ ತುಂಬುತ್ತದೆ. ಸ್ಮರಣ ಸಂಚಿಕೆಗೆ ಸಭೆಯ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ತಮಿಳಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಇಲ್ಲಿಯವರೆಗೆ ಬರೆದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಇಂಗ್ಲೆಂಡಿನ ಸಭೆಯ ಕಾಲದಲ್ಲಿ ಒಬ್ಬ ಕುದುರೆ ಡಾಕ್ಟರ ಹೆಂಡತಿ ಇಲ್ಲಿ ತೀರಿಕೊಂಡಳು. ಹೂಳಲು ಜಾಗವಿಲ್ಲದೆ ಊರಾಚೆಯ ಈ ರಾಗಿ ಹೊಲವನ್ನು ಕೊಂಡು ಹೂಳಿದ. ಮೊದಲು ಗೋರಿ, ಅದರ ಪಕ್ಕದಲ್ಲಿ ಒಂದು ಚಪ್ಪರ, ಚಪ್ಪರ ಹೋಗಿ ಹೆಂಚಿನ ದೇವಾಲಯ, ಆಮೇಲೆ ಕನ್ನಡ ಶಾಲೆಯ ಕೊಠಡಿ. ಸ್ವಾತಂತ್ರ್ಯ ಬಂದ ವರ್ಷ ದಕ್ಷಿಣ ಭಾರತ ಸಭೆಗೆ ಸೇರಿತು. ಆಮೇಲೆ ಫ್ಯಾಕ್ಟರಿಗಳು ಬಂದವು. ಈಗ ಸುತ್ತ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ತಮಿಳು ಆರಾಧನೆಗೆ ಕಾರು ನಿಲ್ಲಿಸಲು ಜಾಗ ಸಾಲದು. ನಮ್ಮ ಕನ್ನಡದವರು ತಿಂಗಳಿಗೊಮ್ಮೆ ಹಳೆಯ ಶಾಲಾ ಕೊಠಡಿಯಲ್ಲಿ ಕೂರುತ್ತೇವೆ. ಅದನ್ನೂ ನಿಲ್ಲಿಸುವ ಮಾತು ನಡೆದಿತ್ತು. ಹೋರಾಡಿ ಉಳಿಸಿಕೊಂಡೆ.

ಹಾಸ್ಟೆಲಿನ ದಿನಗಳ ಬಗ್ಗೆ ಒಂದೆರಡು ಪುಟ ಬರೆದುಕೊಡು. ಗಂಟೆಯನ್ನು ಯಾರು ಕೊಡಿಸಿದ್ದು ಎಂದು ನನಗೆ ನೆನಪಿಲ್ಲ.

ನೀನು ಕೇಳಿದ ವಿಷಯವನ್ನು ಅಯ್ಯನವರ ಹತ್ತಿರ ಮಾತಾಡುತ್ತೇನೆ. ಹೊಸಬರು, ವೆಲ್ಲೂರಿನವರು, ಮೃದು ಸ್ವಭಾವ.

ನಿನಗಾಗಿ ಮೊಣಕಾಲೂರುವ
ಉಷಾರಾಣಿ


ಸೂಳಗಿರಿ
24 ಸೆಪ್ಟೆಂಬರ್ 2023

ಉಷಾ,

ಅತ್ತೆ ಎಂದು ಬರೆದೆಯಲ್ಲ, ಅಷ್ಟು ಸಾಕು. ಗಂಜಿ ಕುಡಿಯುತ್ತೇನೆ ಎಂದು ಆದಿಲಕ್ಷ್ಮಮ್ಮನಿಗೆ ಹೇಳು. ಗಂಟೆ ಕೊಡಿಸಿದ್ದು ಆ ಕುದುರೆ ಡಾಕ್ಟರೇ. ಬಡಿದರೆ ಬಿಂದಿಗೆ ತಟ್ಟಿದ ಹಾಗೆ ಕೇಳುತ್ತಿತ್ತು ಎಂದು ನಗುತ್ತಿದ್ದೆವು, ನೀನು ನಕ್ಕು ಬೆಂಚಿನ ಮೇಲೆ ನಿಂತದ್ದೂ ಉಂಟು. ಕಾರ್ಯದರ್ಶಿ ಅಮ್ಮನವರು ಅದನ್ನೂ ಚರಿತ್ರೆಗೆ ಸೇರಿಸಲಿ.

ಆದರೆ ನಿನ್ನ ಚರಿತ್ರೆಯಲ್ಲಿ ಗಂಟೆ ಇದೆ, ಹೆಂಚು ಇದೆ, ಕಾರು ನಿಲ್ಲಿಸುವ ಜಾಗವೂ ಇದೆ, ಮಕ್ಕಳ ಸಾಲು ಇಲ್ಲ. ಅದನ್ನು ಹೇಗೆ ಬಿಟ್ಟೆ? ಉಪದೇಶಿಗಳ ಹೆಂಡತಿ ಕಮಲಮ್ಮಜ್ಜಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರಲ್ಲ. ಅವರ ಅತ್ತೆಯ ಕಾಲದಲ್ಲಿ ಕಾಲರಾ ಬಂದು ಮಕ್ಕಳು ಒಬ್ಬರ ಹಿಂದೆ ಒಬ್ಬರು ಹೋದರು. ಪಡುವಣ ಗೋಡೆಯ ಉದ್ದಕ್ಕೂ ಹೂಳಿದರು. ಕಲ್ಲು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ಏನು ನೆಟ್ಟರೂ ಮೇಕೆ ತಿಂದುಹಾಕುತ್ತಿತ್ತು. ಆಗ ಆ ಅತ್ತೆಯೇ ಕಣಗಿಲೆ ಕಡ್ಡಿ ತಂದು ಒಂದೊಂದು ಮಗುವಿನ ತಲೆಯ ಹತ್ತಿರ ಒಂದೊಂದು ನೆಟ್ಟರು. ಕಣಗಿಲೆ ವಿಷ, ದನ ಮೇಕೆ ಯಾವುದೂ ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ನಮ್ಮ ಕನ್ನಡ ಮನೆಗಳಲ್ಲಿ ಯಾವ ಮಗು ತೀರಿಕೊಂಡರೂ ಅದೇ ಸಾಲು, ಅದೇ ಗಿಡ. ಅನುಕೂಲ ಬಂದ ಮೇಲೂ ಯಾರೂ ಕಲ್ಲು ಹಾಕಿಸಲಿಲ್ಲ. ಗುಂಡಿಯ ಮಣ್ಣು ಕುಸಿದು ಸಮನಾದ ಮೇಲೆ ಗಿಡವೊಂದೇ ಗುರುತು. ನಂದಿತಾಳಿಗೆ ಬಿಳಿ ಹುಡುಕಲು ನಾವಿಬ್ಬರೂ ಡೆಂಕಣಿಕೋಟೆ ರಸ್ತೆಯಲ್ಲಿ ಎಷ್ಟು ದೂರ ನಡೆದೆವು, ನೆನಪಿದೆಯಾ? ಸಾಲಿನಲ್ಲೆಲ್ಲ ಕೆಂಪು, ನಡುವೆ ಅವಳದೊಂದೇ ಬಿಳಿ. ಮಳೆ ಬಂದ ಮಾರನೇ ದಿನ ದೇವಾಲಯದ ಬಾಗಿಲಿಗೇ ವಾಸನೆ ಬರುತ್ತಿತ್ತು.

ಇದನ್ನು ಬರೆ. ಇಡೀ ಹೊಸೂರಿನಲ್ಲಿ ಬೇರೆ ಯಾವ ಸಭೆಗೂ ಇಲ್ಲದ್ದು ಇದೊಂದೇ.

ಗಿಡ ಹೇಗಿದೆ ಎಂದು ಕೇಳಿದ್ದೆ. ನೀನು ಅದಕ್ಕೆ ಉತ್ತರ ಬರೆದಿಲ್ಲ.

ವನಿತಾ


ಆಲಸನತ್ತಂ
5 ನವೆಂಬರ್ 2023

ಪ್ರಿಯ ವನಿತಾ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಮಿಟಿ, ಸಂಚಿಕೆ, ಬಣ್ಣ ಬಳಿಸುವುದು, ಒಂದು ಮುಗಿದರೆ ಇನ್ನೊಂದು.

ಸಂತೋಷದ ಸುದ್ದಿ. ಅಯ್ಯನವರು ಒಪ್ಪಿದರು. ನಿನ್ನ ಹೆಸರನ್ನು ಮತ್ತೆ ಸಭೆಗೆ ಸೇರಿಸಿದ್ದೇವೆ. ಈ ಸಲ ಓದಿದವಳೂ ನಾನೇ. ನಮ್ಮ ಸಮಾಧಿ ತೋಟದಲ್ಲಿ ನಿನಗೆ ಜಾಗವಿದೆ, ಚಿಂತೆ ಬಿಡು.

ಸಕಲಾತ್ಮರ ದಿನ ಎಲ್ಲರೂ ಬಂದು ಗೋರಿಗಳಿಗೆ ಸುಣ್ಣ ಬಳಿದರು, ಮೇಣದ ಬತ್ತಿ ಹಚ್ಚಿದರು. ಎಲ್ಲ ಇದ್ದ ಹಾಗೇ ಇದೆ. ಗಿಡ ಗಿಡ ಅನ್ನುತ್ತಿದ್ದೆಯಲ್ಲ, ಹೂ ಒಂದನ್ನು ಒಣಗಿಸಿ ಈ ಕಾಗದದ ಒಳಗೆ ಇಟ್ಟಿದ್ದೇನೆ.

ನೀನು ಇಲ್ಲಿಯವರೆಗೆ ಬಂದು ಆಯಾಸ ಮಾಡಿಕೊಳ್ಳಬೇಡ. ಮನೆಯಲ್ಲೇ ಇರು. ನಾನೇ ಒಂದು ದಿನ ಬರುತ್ತೇನೆ.

ಉಷಾರಾಣಿ


ಸೂಳಗಿರಿ
19 ನವೆಂಬರ್ 2023

ಉಷಾ,

ಹೂ ತಲುಪಿತು.

ನಂದಿತಾಳ ಗಿಡದ ಹೂವಿಗೆ ಐದೇ ಎಸಳು. ನೀನು ಕಳಿಸಿದ್ದು ಸುತ್ತು ಎಸಳಿನದು. ಹರ್ಷಿತಾಳ ಮನೆ ಹೈವೇ ಪಕ್ಕದಲ್ಲೇ ಇದೆ. ರಸ್ತೆಯ ನಡುವಿನ ಪಟ್ಟಿಯಲ್ಲಿ ಹೊಸೂರಿನಿಂದ ಕೃಷ್ಣಗಿರಿಯವರೆಗೂ ಇಂಥದೇ ಹೂ. ಹಗಲೆಲ್ಲ ಕಿಟಕಿಯಲ್ಲಿ ಕೂತು ಅದನ್ನೇ ನೋಡುತ್ತಿರುತ್ತೇನೆ.

ಗಿಡ ಸತ್ತಿದ್ದರೆ ಸತ್ತಿದೆ ಎಂದು ಬರೆ. ನಾನೇನೂ ಮಗುವಲ್ಲ. ನೀರು ಹಾಕಲು ಆಗದೆ ಒಣಗಿತು ಅಂದರೆ ಬೈಯುವುದಿಲ್ಲ, ಬೈಯಲು ಬಾಯೂ ಇಲ್ಲ. ಆದರೆ ಬೇರೆ ಹೂವನ್ನು ಅವಳದು ಎಂದು ಕಳಿಸಬಾರದಿತ್ತು.

ಏನಾಗಿದೆ ಅಲ್ಲಿ?

ವನಿತಾ


ಸೂಳಗಿರಿ
21 ಜನವರಿ 2024

ಉಷಾರಾಣಿ ಅವರಿಗೆ,

ಎರಡು ತಿಂಗಳು ಕಾದೆ. ನೀನು ಬರೆಯಲಿಲ್ಲ, ಬರುತ್ತೇನೆ ಅಂದವಳು ಬರಲೂ ಇಲ್ಲ. ಮೊನ್ನೆ ಗುರುವಾರ ಹರ್ಷಿತಾ ರಜೆ ಹಾಕಿ ವ್ಯಾನಿನಲ್ಲಿ ಕರೆದುಕೊಂಡು ಬಂದಳು. ಗೇಟು ದಾಟಿದೆ. ನೀನು ಊರಲ್ಲಿರಲಿಲ್ಲವಂತೆ.

ಪಡುವಣ ಗೋಡೆಯ ಉದ್ದಕ್ಕೂ ಒಂದು ಗಿಡವೂ ಇಲ್ಲ. ಗೋಡೆಯೇ ಇಲ್ಲ. ಅಲ್ಲಿ ನಿಮ್ಮ ಶತಮಾನೋತ್ಸವ ಭವನದ ಹಿಂಭಾಗ ಬಂದಿದೆ. ಅಡುಗೆಮನೆ, ಪಾತ್ರೆ ತೊಳೆಯುವ ಕಟ್ಟೆ, ಕೈ ತೊಳೆಯಲು ಸಾಲಾಗಿ ನಲ್ಲಿ, ಅದರ ಕೆಳಗೆ ಚರಂಡಿ. ನಾನು ದೇವಾಲಯದ ಮೂಲೆಯಿಂದ ಹೆಜ್ಜೆ ಎಣಿಸಿ ನೋಡಿದೆ, ಮೊದಲೂ ಹಾಗೇ ಎಣಿಸುತ್ತಿದ್ದೆ. ನಂದಿತಾಳ ಜಾಗದಲ್ಲಿ ಎಂಜಲು ನೀರು ಹೋಗುವ ಗುಂಡಿ ಇದೆ.

ನಿಮ್ಮ ಅಯ್ಯನವರು ಓಡಿ ಬಂದರು. ಕುರ್ಚಿ ತರಿಸಿದರು, ನೀರು ಕೊಟ್ಟರು. ಸ್ಲೇಟಿನ ಮೇಲೆ ಬರೆದು ಕೇಳಿದೆ, ಹರ್ಷಿತಾ ತಮಿಳಿನಲ್ಲಿ ಓದಿ ಹೇಳಿದಳು. ಅಲ್ಲಿ ಸಮಾಧಿ ಇರಲಿಲ್ಲವಮ್ಮ, ಹೂವಿನ ಬೇಲಿ ಇತ್ತು ಎಂದರು. ನಕ್ಷೆ ತಂದು ತೋರಿಸಿದರು. ನಕ್ಷೆಯಲ್ಲೂ ಬೇಲಿ ಎಂದೇ ಇದೆ. ಆ ಮನುಷ್ಯ ಸುಳ್ಳು ಹೇಳುವವರಲ್ಲ. ಬಂದು ಮೂರು ವರ್ಷವಾದವರಿಗೆ, ಅಪಾರ್ಟ್‌ಮೆಂಟಿನಿಂದ ಬರುವವರಿಗೆ, ಅದು ಬೇಲಿಯಾಗಿಯೇ ಕಂಡಿರುತ್ತದೆ. ಹೊಸಬರ ಮೇಲೆ ನನಗೆ ಸಿಟ್ಟಿಲ್ಲ.

ಅಡಿಗಲ್ಲಿನ ಮೇಲೆ ಕಾರ್ಯದರ್ಶಿ ಎಂದು ನಿನ್ನ ಹೆಸರಿದೆ. ತಾರೀಕು ಕಳೆದ ವರ್ಷದ ಏಪ್ರಿಲ್. ನಾನು ನಿನಗೆ ಮೊದಲ ಕಾಗದ ಬರೆಯುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಒಂದೇ ಪ್ರಶ್ನೆ. ಅಲ್ಲಿಂದ ತೆಗೆದ ಮಣ್ಣು ಎಲ್ಲಿಗೆ ಹೋಯಿತು?

ವನಿತಾ


ಆಲಸನತ್ತಂ
11 ಫೆಬ್ರವರಿ 2024

ವನಿತಾ,

ಊರಲ್ಲೇ ಇದ್ದೆ. ನಿನ್ನನ್ನು ಗೇಟಿನಲ್ಲಿ ನೋಡಿ ಶಾಲಾ ಕೊಠಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ಕುರ್ಚಿಯಲ್ಲಿ ಕೂತಿದ್ದಷ್ಟು ಹೊತ್ತೂ ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಎಷ್ಟು ಇಳಿದುಹೋಗಿದ್ದೀಯ.

ಕಮಿಟಿ ಭವನ ಕಟ್ಟಲೇಬೇಕು ಎಂದಿತು. ಮದುವೆ, ಊಟ ಎಲ್ಲದಕ್ಕೂ ಬೀದಿಯಲ್ಲಿ ಶಾಮಿಯಾನ ಹಾಕುತ್ತಿದ್ದೆವು, ತಪ್ಪೇನಿಲ್ಲ. ಜಾಗ ಎರಡೇ ಇದ್ದವು. ಒಂದು ನಮ್ಮ ಶಾಲಾ ಕೊಠಡಿ, ಇನ್ನೊಂದು ಪಡುವಣ ಬದಿ. ಕೊಠಡಿ ಕೆಡವಿದರೆ ಕನ್ನಡ ಆರಾಧನೆ ಅಲ್ಲಿಗೆ ಮುಗಿಯಿತು. ಮತ್ತೆ ಯಾರೂ ನಮಗೆ ಜಾಗ ಕೊಡುತ್ತಿರಲಿಲ್ಲ. ನಕ್ಷೆ ಬರೆದ ರಾಜೇಶ್ ಎಂಬ ಹುಡುಗ, ಫ್ಯಾಕ್ಟರಿಯ ಇಂಜಿನಿಯರ್, ತುಂಬಿದ ಸಭೆಯಲ್ಲಿ ನನ್ನನ್ನೇ ಕೇಳಿದ, "ಅಕ್ಕ, ನೀವು ಹಳಬ್ರು. ಆ ಕಡೆ ಕಲ್ಲರೈ ಏನಾದ್ರೂ ಇದ್ಯಾ?" ನಾನು "ಕಲ್ಲು ಒಂದೂ ಇಲ್ಲಪ್ಪ" ಅಂದೆ.

ಅವನು ಕೇಳಿದ್ದು ಸಮಾಧಿಯನ್ನು, ನಾನು ಕಲ್ಲಿನ ಮಾತು ಅಷ್ಟೇ ಹೇಳಿದ್ದು. ಸುಳ್ಳಲ್ಲ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಆ ಮಕ್ಕಳ ತಾಯಂದಿರಲ್ಲಿ ಉಳಿದವಳು ನೀನೊಬ್ಬಳೇ. ನೀನು ಗೇಟು ದಾಟುವುದಿಲ್ಲ ಎಂದು ಹೇಳಿ ಹೋಗಿದ್ದೆ. ನಿಜ ಬರೆಯುತ್ತೇನೆ, ನೀನು ಇನ್ನು ಬರುವುದಿಲ್ಲ ಎಂದುಕೊಂಡೆ. ಆದಿಲಕ್ಷ್ಮಮ್ಮ ಒಂದು ಸಲ ಮಕ್ಕಳ ಸಾಲಿನ ಬಗ್ಗೆ ಕೇಳಿದರು. ಕೊಠಡಿ ಉಳಿಯಿತಲ್ಲಮ್ಮ ಅಂದೆ.

ಜೆಸಿಬಿ ಬಂದ ದಿನ ನಿಂತು ನೋಡಿದೆ. ಬೇರಿನ ಜೊತೆ ಪೆಟ್ಟಿಗೆಯ ತುಕ್ಕು ಹಿಡಿದ ಮೊಳೆಗಳು ಎದ್ದು ಬಂದವು. ಡ್ರೈವರ್ ಏನಿದು ಎಂದು ಕೇಳಿದ. ಹಳೆಯ ಬೇಲಿಯ ಮೊಳೆ ಅಂದೆ. ಇದು ಮಾತ್ರ ಸುಳ್ಳು. ಇದನ್ನು ಹೇಳಿದ ಮೇಲೆ ನನಗೆ ಪ್ರಭುಭೋಜನದ ರೊಟ್ಟಿ ಗಂಟಲಲ್ಲಿ ಇಳಿದಿಲ್ಲ. ನಿನ್ನ ಗಂಟಲಿನ ಸುದ್ದಿ ಬಂದಾಗ ಈ ಮಾತನ್ನು ಯಾರಿಗೂ ಹೇಳಲಾಗಲಿಲ್ಲ.

ಮಣ್ಣು ಹೊಡೆದವನು ಟ್ರ್ಯಾಕ್ಟರಿನ ಮುನಿಕೃಷ್ಣಪ್ಪ. ನಿನ್ನ ಕಾಗದ ಬಂದ ಮೇಲೆ ಹುಡುಕಿಕೊಂಡು ಹೋಗಿ ಕೇಳಿದೆ. "ಜೂಜುವಾಡಿ ತಾವ ಲಾರಿ ನಿಲ್ಸೋಕೆ ತಗ್ಗು ತುಂಬುಸ್ತಿದ್ರು ಕಣಮ್ಮ, ಎಲ್ಲಾ ಅಲ್ಗೇ ಹಾಕ್ಬುಟ್ಟೆ" ಅಂದ. ಒಳ್ಳೆಯ ಮಣ್ಣು ಎಂದೂ ಅಂದ. ನಾನು ಅಲ್ಲಿಗೂ ಹೋದೆ. ಅಷ್ಟಗಲ ಬಯಲು, ತುಂಬ ಲಾರಿ, ಕಾಲಿಟ್ಟಲ್ಲೆಲ್ಲ ಡೀಸೆಲ್. ನಿನಗೆ ಒಂದು ಹಿಡಿ ತರೋಣ ಎಂದು ಬಗ್ಗಿದೆ. ಯಾವುದು ಎಂದು ತರಲಿ?

ಮೂಡಣ ಗೇಟಿನ ಹತ್ತಿರ ನನಗೆಂದು ಇಟ್ಟುಕೊಂಡ ಜಾಗವಿದೆ. ಅದರ ಪಕ್ಕದ ಜಾಗ ನಿನ್ನದು. ಸಭೆಯ ಪುಸ್ತಕದಲ್ಲಿ ಬರೆದಾಗಿದೆ. ಬೇಡ ಅನ್ನಬೇಡ.

ಚರಿತ್ರೆಯಲ್ಲಿ ಮಕ್ಕಳ ಸಾಲಿನ ಬಗ್ಗೆ ಒಂದು ಪುಟ ಬರೆದೆ, ಹರಿದು ಹಾಕಿದೆ. ಅದನ್ನು ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ.

ಉಷಾ


ಸೂಳಗಿರಿ
7 ಏಪ್ರಿಲ್ 2024

ಉಷಾರಾಣಿ ಆಂಟಿಗೆ,

ನಾನು ಹರ್ಷಿತಾ. ವನಿತಾ ಅತ್ತೆ ಮಾರ್ಚ್ ಕೊನೆಯ ವಾರ ತೀರಿಕೊಂಡರು. ನಿಮಗೆ ಆಗಲೇ ತಿಳಿಸಬೇಕಿತ್ತು. ಅದೇ ವಾರ ನಿಮ್ಮ ದೇವಾಲಯದ ಶತಮಾನೋತ್ಸವ ಎಂದು ಗೊತ್ತಿತ್ತು. ಅತ್ತೆಯೂ ಹಬ್ಬ ಮುಗಿದ ಮೇಲೆ ಬರೆದರೆ ಸಾಕು ಅಂದಿದ್ದರು.

ನಿಮ್ಮ ಕೊನೆಯ ಕಾಗದ ನನ್ನ ಕೈಯಿಂದಲೇ ಅವರಿಗೆ ತಲುಪಿತು. ಓದಿ ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಉತ್ತರ ಬರೆಯುತ್ತೀರಾ ಎಂದು ಕೇಳಿದೆ, ಇಲ್ಲವೆಂದು ತಲೆ ಅಲ್ಲಾಡಿಸಿದರು. ಅದಾದ ಮೇಲೆ ಒಂದು ದಿನ ಬೆಂಗಳೂರಿನ ಆಸ್ಪತ್ರೆಯಿಂದ ವಾಪಸ್ ಬರುತ್ತಿದ್ದೆವು. ಅತ್ತಿಬೆಲೆ ಟೋಲ್ ದಾಟಿದ ಮೇಲೆ ವ್ಯಾನಿನ ಬಾಗಿಲು ತಟ್ಟಿ, ಸ್ಲೇಟಿನ ಮೇಲೆ ಜೂಜುವಾಡಿ ಲಾರಿ ಬಯಲು ಎಂದು ಬರೆದು ತೋರಿಸಿದರು. ಯಾಕೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಇಳಿದು ಎರಡು ಲಾರಿಗಳ ನಡುವೆ ನಡೆದರು. ಹೋಗಿ ನೆಲದ ಮೇಲೆ ಮಲಗಿಬಿಟ್ಟರು. ಬಿದ್ದರು ಎಂದು ನಾನು ಕಿರುಚಿ ಓಡಿದೆ. ಬೇಡ ಎಂದು ಕೈ ಮಾಡಿದರು. ಎಡಗಡೆಗೆ ತಿರುಗಿ, ಕೈ ಮಡಚಿ ತಲೆಯ ಕೆಳಗೆ ಇಟ್ಟುಕೊಂಡು, ಮಕ್ಕಳ ಪಕ್ಕದಲ್ಲಿ ಮಲಗುತ್ತಾರಲ್ಲ, ಹಾಗೆ ಮಲಗಿದ್ದರು. ಡ್ರೈವರುಗಳು ಸುತ್ತ ಬಂದು ನಿಂತರು. ಒಬ್ಬರು ಇಂಜಿನ್ ಆಫ್ ಮಾಡಿದರು. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಅವರೇ ಎದ್ದರು. ಸೀರೆಗೆಲ್ಲ ಎಣ್ಣೆ ಮೆತ್ತಿತ್ತು, ಅದನ್ನು ಒಗೆಯಲು ಬಿಡಲಿಲ್ಲ. ಅದೇ ಸೀರೆ ಉಡಿಸಿ ಮಣ್ಣು ಮಾಡಿದೆವು.

ನೀವು ಹೇಳಿದ ಜಾಗ ಬೇಡ ಅಂದರು. ಇಲ್ಲೇ ಬೆಟ್ಟದ ಬುಡದಲ್ಲಿ ಜಪಮನೆಯವರ ಜಮೀನಿನಲ್ಲಿ ಹೂತಿದ್ದೇವೆ. ತಲೆಯ ಹತ್ತಿರ ಕಣಗಿಲೆ ನೆಡೋಣವಾ ಎಂದು ಮೊದಲೇ ಕೇಳಿದ್ದೆ. ಅದಕ್ಕೆ ಸ್ಲೇಟಿನಲ್ಲಿ ಬರೆದದ್ದನ್ನು ನಾನು ಅಳಿಸದೆ ಹಾಗೇ ಇಟ್ಟಿದ್ದೇನೆ. "ಗಿಡ ಬೇಡ. ಕಲ್ಲೇ ಬೇಕು. ಎರಡು ಹೆಸರು. ಉಷಾ ಬರೀಲಿ."

ಕಲ್ಲು ತಂದಾಗಿದೆ. ಇಲ್ಲಿ ಕೆತ್ತುವವರಿಗೆ ತಮಿಳು, ತೆಲುಗು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಕಾಗದದಲ್ಲಿ ದೊಡ್ಡದಾಗಿ ಬರೆದುಕೊಟ್ಟರೆ ಗೆರೆ ಹಿಡಿದು ಹಾಗೇ ಕೆತ್ತುತ್ತೇನೆ ಅಂದರು. ಮೇಲೆ ನಂದಿತಾ, ಕೆಳಗೆ ವನಿತಾ. ಬೇರೆ ಏನೂ ಬೇಡ, ಬೈಬಲ್ ವಚನವೂ ಬೇಡ. ನಿಮ್ಮ ಅಕ್ಷರ ಬಹಳ ಚೆಂದ ಎಂದು ಅತ್ತೆ ಹೇಳುತ್ತಿದ್ದರು.

ಬರುವ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಒಳಗೆ ಬರುವುದಿಲ್ಲ, ಗೇಟಿನ ಹೊರಗೆ ನಿಂತಿರುತ್ತೇನೆ.

ಹರ್ಷಿತಾ